ಸಭಾಂಗಣವೂ ಒಂದು ವಾದ್ಯ

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನಲ್ಲಿ ಮಾಗಡಿ ಎಂಬ ಗ್ರಾಮವಿದೆ. ಬೆಂಗಳೂರಿಗೆ ಸಮೀಪದ ಮಾಗಡಿ ಬೇರೆ; ಇದು ಕೆರೆಗೆ ಹೆಸರಾದ ಮಾಗಡಿ. ಪ್ರತಿವರ್ಷ ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಹಾರಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಈ ಕೆರೆಯಲ್ಲಿ ಬಂದು ತಂಗುತ್ತವೆ. 2024ರಲ್ಲಿ ಈ ಕೆರೆಯು ರಾಮ್‌ಸಾರ್ ಒಪ್ಪಂದದ ಜೌಗುನೆಲಗಳ ಪಟ್ಟಿಗೆ ಸೇರಿತು. ಚಳಿಗಾಲದ ಮುಂಜಾನೆ ಇಂತಹ ಕೆರೆಯ ಏರಿಯ ಮೇಲೆ ನಿಂತವರಿಗೆ ಬಹುದೂರದ ಹಕ್ಕಿಯ ಕೂಗೂ ಕಿವಿಯ ಬಳಿಯಲ್ಲೇ ಇದ್ದಂತೆ ಕೇಳಿಸುವುದುಂಟು. ಹೊತ್ತೇರಿದ ಮೇಲೆ ಅದೇ ಕೂಗು ಮಸುಕಾಗುತ್ತದೆ. ಹಕ್ಕಿಯ ಕಂಠ ಕುಗ್ಗಿತೆಂದಾಗಲಿ ನಮ್ಮ ಕಿವಿ ಮಂದವಾಯಿತೆಂದಾಗಲಿ ಇದರ ಅರ್ಥವಲ್ಲ. ಮುಂಜಾನೆ ನೆಲದ ಸಮೀಪದ ಗಾಳಿ ತಣ್ಣಗಿದ್ದು ಅದರ ಮೇಲಣ ಪದರ ಬೆಚ್ಚಗಿರುತ್ತದೆ. ಬೆಚ್ಚನೆಯ ಗಾಳಿಯಲ್ಲಿ ಶಬ್ದದ ವೇಗ ಹೆಚ್ಚು. ಆದುದರಿಂದ ಮೇಲಕ್ಕೆ ಹೊರಟ ಶಬ್ದತರಂಗಗಳು ಬಾಗಿ ಮರಳಿ ನೆಲದ ಕಡೆಗೆ ಬರುತ್ತವೆ. ಮಧ್ಯಾಹ್ನ ನೆಲ ಕಾದಾಗ ಇದಕ್ಕೆ ವಿರುದ್ಧವಾಗಿ ಅವು ಮೇಲಕ್ಕೆ ಬಾಗಿ ಹೋಗಿಬಿಡುತ್ತವೆ.

ಇದರಿಂದ ಒಂದು ವಿಷಯ ವಿದಿತವಾಗುತ್ತದೆ. ಶಬ್ದವನ್ನು ಹುಟ್ಟಿಸುವವರು, ಕೇಳುವವರು, ಇವರಿಬ್ಬರಲ್ಲದೆ ಮೂರನೆಯದೊಂದು ಇದೆ. ಅದೇ ಇವರಿಬ್ಬರ ನಡುವಣ ಸ್ಥಳ. ಈ ಮೂರನೆಯದನ್ನು ನಾವು ಸಾಮಾನ್ಯವಾಗಿ ಮರೆತುಬಿಡುತ್ತೇವೆ. ಮರೆತುದರ ಫಲವೇನೆಂಬುದನ್ನು ನೋಡಿರಿ. ಮಾಗಡಿಯಂತಹ ಊರಿನ ವಿದ್ಯಾರ್ಥಿಯೊಬ್ಬನು ಕಾಲೇಜು ಸೇರಲೆಂದು ಬೆಂಗಳೂರಿಗೆ ಹೋಗುತ್ತಾನೆ. ಹಣ ಕೂಡಿಸಿ ಒಂದು ಸಂಗೀತ ಕಛೇರಿಗೋ ನಾಟಕಕ್ಕೋ ಅಗ್ಗದ ಚೀಟಿ ಕೊಂಡು ಕಡೆಯ ಸಾಲಿನಲ್ಲಿ ಕುಳಿತುಕೊಳ್ಳುತ್ತಾನೆ. ಮಾತು ಅರ್ಧ ಕೇಳಿಸುತ್ತದೆ, ಅರ್ಧ ಕಲಸಿಹೋಗುತ್ತದೆ. ಸುತ್ತಲಿನವರು ತಲೆದೂಗುತ್ತಿರುವುದನ್ನು ಕಂಡು, "ಇದೆಲ್ಲ ತಿಳಿದವರಿಗೆ, ನಮ್ಮಂಥವರಿಗಲ್ಲ" ಎಂದು ತೀರ್ಮಾನಿಸಿ ಹೊರಬರುತ್ತಾನೆ. ಮತ್ತೆ ಆ ಕಡೆ ತಲೆಹಾಕುವುದಿಲ್ಲ. ಸ್ಥಳದ ದೋಷವನ್ನು ತನ್ನ ಕಿವಿಯ ದೋಷವೆಂದೂ, ತನ್ನ ಬುದ್ಧಿಯ ದೋಷವೆಂದೂ ಎಣಿಸಿದ ಇಂತಹವರು ಎಷ್ಟು ಮಂದಿಯೋ! ಅವರಿಗಾಗಿ ಈ ಪಾಠ.

ಬಯಲಿನಲ್ಲಿ ಶಬ್ದ

ಮೊದಲು ಬಯಲಿನ ಸ್ಥಿತಿಯನ್ನು ಪರಿಶೀಲಿಸೋಣ. ಬಯಲಿನಲ್ಲಿ ನಿಂತು ಒಬ್ಬನು ಮಾತನಾಡಿದರೆ ಅವನ ಶಬ್ದಶಕ್ತಿ ಎಲ್ಲ ಕಡೆಗೂ ಹರಡುತ್ತ ಹೋಗುತ್ತದೆ. ದೂರ ಎರಡರಷ್ಟಾದರೆ ಅದೇ ಶಕ್ತಿ ನಾಲ್ಕರಷ್ಟು ವಿಸ್ತಾರಕ್ಕೆ ಹಂಚಿಹೋಗಬೇಕು. ಆದುದರಿಂದ ಕಿವಿಗೆ ಬೀಳುವುದು ನಾಲ್ಕನೆಯ ಒಂದು ಪಾಲು ಮಾತ್ರ. 2 ಮೀಟರ್ ದೂರದಲ್ಲಿ ಕುಳಿತವನಿಗೆ ದೊರೆಯುವ ಶಬ್ದಶಕ್ತಿಗೆ ಹೋಲಿಸಿದರೆ 32 ಮೀಟರ್ ದೂರದಲ್ಲಿ ಕುಳಿತವನಿಗೆ ದೊರೆಯುವುದು 256ರಲ್ಲಿ ಒಂದು ಪಾಲು. ಬಯಲಾಟದ ಪಾತ್ರಧಾರಿಗಳು ಏರುಕಂಠದಲ್ಲಿ ಹಾಡುವುದರ ಕಾರಣಗಳಲ್ಲಿ ಇದೂ ಒಂದು.

ಕಂಪನಿ ನಾಟಕಗಳ ಡೇರೆಯೂ ಶಬ್ದದ ದೃಷ್ಟಿಯಿಂದ ಹೆಚ್ಚುಕಡಿಮೆ ಬಯಲೇ. ಬಟ್ಟೆಯ ಮೇಲ್ಛಾವಣಿ ಶಬ್ದವನ್ನು ಚೆನ್ನಾಗಿ ಹಿಂದಿರುಗಿಸುವುದಿಲ್ಲ. ಕಂಪನಿ ನಾಟಕದ ಚರಿತ್ರೆಯಲ್ಲಿ ಗದಗ ಸೀಮೆಯ ಸ್ಥಾನ ಬಹು ದೊಡ್ಡದು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಶಾಂತಕವಿಗಳು ಗದಗದಲ್ಲಿ ಕೃತಪುರ ನಾಟಕ ಮಂಡಳಿಯನ್ನು ಹುಟ್ಟುಹಾಕಿದರು. ಅನಂತರ ಗರುಡ ಸದಾಶಿವರಾಯರ ಕಂಪನಿ, ಶಿರಹಟ್ಟಿ ವೆಂಕೋಬರಾಯರ ಕಂಪನಿ ಮೊದಲಾದವು ಬೆಳಗಿದವು. ಪಂಚಾಕ್ಷರಿ ಗವಾಯಿಗಳು (1892–1944) ಮತ್ತು ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಅಂಧ ಬಾಲಕರಿಗೆ ಸಂಗೀತವಿದ್ಯೆ ನೀಡುವ ಗದಗದ ವೀರೇಶ್ವರ ಪುಣ್ಯಾಶ್ರಮವನ್ನು ನಡೆಸಲು ನಾಟಕ ಕಂಪನಿಯನ್ನು ಕಟ್ಟಿ, ಅದರ ಗಳಿಕೆಯನ್ನು ವಿದ್ಯಾದಾನಕ್ಕೆ ವಿನಿಯೋಗಿಸಿದರು. ಬಾದಾಮಿಯ ಸಮೀಪದ ಬನಶಂಕರಿ ಜಾತ್ರೆಗೆ ಕಂಪನಿಗಳು ಬಂದು ಮೊಕ್ಕಾಂ ಹೂಡುವ ಸಂಪ್ರದಾಯ ಇಂದಿಗೂ ಉಂಟು.

ಧ್ವನಿವರ್ಧಕ ಬರುವ ಮೊದಲು ಈ ನಟರು ಕಡೆಯ ಸಾಲಿನ ನೆಲದ ಚೀಟಿಯವನಿಗೂ ಕೇಳುವಂತೆ ಹಾಡಬೇಕಾಗಿತ್ತು. ಅದು ಕೇವಲ ಕೂಗಾಟದಿಂದ ಸಾಧ್ಯವಾಗತಕ್ಕ ಕೆಲಸವಲ್ಲ. ನಮ್ಮ ಕಿವಿ ಎಲ್ಲ ಆವೃತ್ತಿಗಳಿಗೂ ಸಮನಾಗಿ ಸ್ಪಂದಿಸುವುದಿಲ್ಲ. ಸೆಕೆಂಡಿಗೆ 2,000ದಿಂದ 5,000ದವರೆಗಿನ ಕಂಪನಗಳಿಗೆ ಅದು ಅತ್ಯಂತ ಸೂಕ್ಷ್ಮ. ಸ್ವೀಡನ್ನಿನ ವಿಜ್ಞಾನಿ ಯೋಹಾನ್ ಸುಂಡ್‌ಬೆರ್ಗ್ ಅವರು ಪಾಶ್ಚಾತ್ಯ ಸಂಗೀತನಾಟಕದ ಗಾಯಕರನ್ನು ಪರೀಕ್ಷಿಸಿ, ಪಳಗಿದ ಪುರುಷ ಕಂಠದಲ್ಲಿ ಸೆಕೆಂಡಿಗೆ ಸುಮಾರು 3,000 ಕಂಪನಗಳ ಸುತ್ತಮುತ್ತ ಶಕ್ತಿ ವಿಶೇಷವಾಗಿ ಕೂಡಿಕೊಳ್ಳುವುದನ್ನು ತೋರಿಸಿದರು. ವಾದ್ಯಮೇಳದ ಶಕ್ತಿಯ ಬಹುಭಾಗ 500ರ ಸುತ್ತಮುತ್ತ ಇರುವುದರಿಂದ, ಅಂತಹ ಕಂಠ ಒಂದು ದೊಡ್ಡ ಮೇಳವನ್ನು ಸೀಳಿಕೊಂಡು ಕೇಳಿಸುತ್ತದೆ. ಸಾಧನೆಯೆಂದರೆ ಶಕ್ತಿಯನ್ನು ಹೆಚ್ಚಿಸುವುದಷ್ಟೇ ಅಲ್ಲ, ಇರುವ ಶಕ್ತಿಯನ್ನು ಕಿವಿಗೆ ಬೇಕಾದ ಎಡೆಯಲ್ಲಿ ಇರಿಸುವುದು.

ಗೋಡೆಗಳ ನಡುವೆ ಶಬ್ದ

ಈಗ ಬಯಲನ್ನು ಬಿಟ್ಟು ಕಟ್ಟಡದೊಳಕ್ಕೆ ಬರೋಣ. ಇಲ್ಲಿ ಶಬ್ದ ತಪ್ಪಿಸಿಕೊಂಡು ಹೋಗಲಾರದು. ಗೋಡೆ, ಮೇಲ್ಛಾವಣಿ, ನೆಲ ಇವುಗಳಿಗೆ ಬಡಿದು ಮತ್ತೆ ಮತ್ತೆ ಹಿಂದಿರುಗುತ್ತದೆ. ಸಾಧಾರಣ ಉಷ್ಣತೆಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ನಟನ ಬಾಯಿಂದ ನೇರವಾಗಿ ಬಂದ ಶಬ್ದವು ಮೊದಲು ನಮ್ಮನ್ನು ಮುಟ್ಟುತ್ತದೆ. ಗೋಡೆಗೆ ತಗಲಿ ಬಂದದ್ದು ದೂರದ ದಾರಿಯನ್ನು ಸವೆಸಿ ಅನಂತರ ಬರುತ್ತದೆ. ಈ ಎರಡರ ನಡುವಣ ಅಂತರ ಸೆಕೆಂಡಿನ 20ನೆಯ ಒಂದು ಪಾಲಿಗಿಂತ ಕಡಮೆ, ಅಂದರೆ ದಾರಿಯ ವ್ಯತ್ಯಾಸ ಸುಮಾರು 17 ಮೀಟರಿಗಿಂತ ಕಡಮೆ ಇದ್ದರೆ, ಕಿವಿಯು ಎರಡನ್ನೂ ಕೂಡಿಸಿ ಒಂದೇ ಮಾತಾಗಿ ಗ್ರಹಿಸುತ್ತದೆ. ಆಗ ಗೋಡೆ ನಮಗೆ ಮಿತ್ರ. ಮಾತಿಗೆ ಬಲ ಬರುತ್ತದೆ. ಅಂತರ ಇದಕ್ಕಿಂತ ಹೆಚ್ಚಾದರೆ ಹಿಂದಿನ ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬೀಳತೊಡಗುತ್ತದೆ. ಸೆಕೆಂಡಿನ 10ನೆಯ ಒಂದು ಪಾಲನ್ನು ಮೀರಿದರೆ ಅದೇ ಪ್ರತ್ಯೇಕವಾದ ಪ್ರತಿಧ್ವನಿ.

ಪ್ರತಿಧ್ವನಿಯ ವೈಭವವನ್ನು ಕೇಳಬೇಕಾದರೆ ವಿಜಯಪುರದ ಗೋಳಗುಮ್ಮಟಕ್ಕೆ ಹೋಗಬೇಕು. ಅದರ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಅಲ್ಲಿ ಒಂದು ಚಪ್ಪಾಳೆ ಹಲವು ಸಲ ಮರುಕಳಿಸುತ್ತದೆ; ಗೋಡೆಗೆ ಬಾಯಿಟ್ಟು ಆಡಿದ ಪಿಸುಮಾತು ಬಾಗಿದ ಗೋಡೆಯನ್ನೇ ಅಂಟಿಕೊಂಡು ಸಾಗಿ ಎದುರುಬದಿಯವರಿಗೆ ಕೇಳಿಸುತ್ತದೆ. ಗೋರಿಗೆ ಇದು ಭೂಷಣ. ಆದರೆ ಅದೇ ಗುಮ್ಮಟದ ಕೆಳಗೆ ನಾಟಕವಾಡಿದರೆ ಒಂದು ವಾಕ್ಯವೂ ತಿಳಿಯಲಾರದು.

ಹೀಗೆ ಶಬ್ದದ ಮೂಲ ನಿಂತ ಮೇಲೂ ಕಟ್ಟಡದೊಳಗೆ ಶಬ್ದ ಉಳಿದು ಮೆಲ್ಲಮೆಲ್ಲನೆ ಅಡಗುವುದಕ್ಕೆ ಅನುರಣನ ಎಂದು ಹೆಸರು. ಶಬ್ದಶಕ್ತಿಯು ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಯಲು ಹಿಡಿಯುವ ಕಾಲವೇ ಆ ಸಭಾಂಗಣದ ಅನುರಣನ ಕಾಲ. ಕನ್ನಡದ ಮಾತಿಗೆ ಇದರಿಂದ ಒದಗುವ ತೊಡಕನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಕಾಲು, ಪಾಲು, ಸಾಲು, ಹಾಲು: ಈ ನಾಲ್ಕು ಮಾತುಗಳಲ್ಲಿ ಭೇದವಿರುವುದು ಮೊದಲ ವ್ಯಂಜನದಲ್ಲಿ ಮಾತ್ರ. ವ್ಯಂಜನದ ಶಬ್ದ ಕ್ಷಣಿಕ, ಅದರ ಶಕ್ತಿಯೂ ಅಲ್ಪ. ಸ್ವರಾಕ್ಷರದ ಶಕ್ತಿ ಅಧಿಕ. ಅನುರಣನ ಹೆಚ್ಚಾದ ಕಡೆ ಹಿಂದಿನ ಮಾತಿನ ಸ್ವರವು ಮುಂದಿನ ಮಾತಿನ ವ್ಯಂಜನವನ್ನು ನುಂಗಿಹಾಕುತ್ತದೆ. ಕೇಳುಗನಿಗೆ ಉಳಿಯುವುದು "ಆಲು" ಮಾತ್ರ.

ಸಬೀನನ ಮೆತ್ತೆಗಳು

ಈ ಶಾಸ್ತ್ರಕ್ಕೆ ತಳಹದಿ ಹಾಕಿದವನು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ತರುಣ ಭೌತಶಾಸ್ತ್ರ ಅಧ್ಯಾಪಕ ವಾಲೆಸ್ ಸಬೀನ್. 1895ರಲ್ಲಿ ಅಲ್ಲಿ ಹೊಸದಾಗಿ ಕಟ್ಟಿದ ಫಾಗ್ ಕಲಾಸಂಗ್ರಹಾಲಯದ ಉಪನ್ಯಾಸ ಮಂದಿರ ಉಪನ್ಯಾಸಕ್ಕೆ ನಿರುಪಯುಕ್ತವೆನಿಸಿತು. ಆಡಿದ ಮಾತು ಸುಮಾರು ಐದೂವರೆ ಸೆಕೆಂಡುಗಳವರೆಗೆ ಅಲ್ಲೇ ಸುಳಿದಾಡುತ್ತಿತ್ತು. ಇದನ್ನು ಸರಿಪಡಿಸುವ ಹೊಣೆ ಸಬೀನನ ಪಾಲಿಗೆ ಬಂತು. ಅವನ ಬಳಿ ಇದ್ದ ಸಲಕರಣೆ ಅತ್ಯಲ್ಪ: ಒಂದು ಆರ್ಗನ್ ಕೊಳವಿ, ಕಾಲವನ್ನು ಅಳೆಯುವ ಒಂದು ಸಾಧನ ಮತ್ತು ತನ್ನದೇ ಕಿವಿ. ಬೀದಿಯ ಸದ್ದಡಗಿದ ರಾತ್ರಿಯ ಹೊತ್ತಿನಲ್ಲಿ ಅವನು ಸಮೀಪದ ಸ್ಯಾಂಡರ್ಸ್ ನಾಟಕಶಾಲೆಯ ಆಸನಗಳ ಮೆತ್ತೆಗಳನ್ನು ಹೊರಿಸಿ ತರುತ್ತಿದ್ದನು. ಇಷ್ಟು ಮೆತ್ತೆಗಳಿದ್ದಾಗ ಶಬ್ದ ಎಷ್ಟು ಸೆಕೆಂಡು ಉಳಿಯುತ್ತದೆ, ಇನ್ನಷ್ಟು ಸೇರಿಸಿದರೆ ಎಷ್ಟು ಎಂದು ಅಳೆಯುತ್ತ ಹೋದನು. ಬೆಳಗಾಗುವುದರೊಳಗೆ ಮೆತ್ತೆಗಳನ್ನು ಹಿಂದಿರುಗಿಸಬೇಕಾಗಿತ್ತು. ಹೀಗೆ ಹಲವು ಕಾಲ ದುಡಿದು ಅವನು ಕಂಡುಕೊಂಡ ನಿಯಮ ಬಹು ಸರಳವಾದುದು:

ಅನುರಣನ ಕಾಲ (ಸೆಕೆಂಡುಗಳಲ್ಲಿ) = 0.161 × ಘನಗಾತ್ರ (ಘನ ಮೀಟರುಗಳಲ್ಲಿ) ÷ ಒಟ್ಟು ಹೀರಿಕೆ (ಚದರ ಮೀಟರುಗಳಲ್ಲಿ).

ತೆರೆದ ಕಿಟಕಿಯ ಮೂಲಕ ಹೋದ ಶಬ್ದ ಹಿಂದಿರುಗುವುದಿಲ್ಲವಾದ್ದರಿಂದ, ಒಂದು ಚದರ ಮೀಟರ್ ತೆರೆದ ಕಿಟಕಿಯ ಹೀರಿಕೆಯನ್ನು 1 ಎಂದು ಎಣಿಸುತ್ತಾರೆ. ಸಿಮೆಂಟು ಗಿಲಾವು ಮಾಡಿದ ಗೋಡೆಯದು ಸುಮಾರು 0.03 ಮಾತ್ರ. ಬಟ್ಟೆ ತೊಟ್ಟು ಕುಳಿತ ಒಬ್ಬ ಮನುಷ್ಯನದು ಸುಮಾರು 0.45. 1900ರಲ್ಲಿ ತೆರೆದ ಬಾಸ್ಟನ್ ನಗರದ ಸಿಂಫನಿ ಸಭಾಂಗಣಕ್ಕೆ ಸಬೀನನೇ ಸಲಹೆಗಾರನಾಗಿದ್ದನು. ಲೋಕದ ಅತ್ಯುತ್ತಮ ಸಂಗೀತಶಾಲೆಗಳಲ್ಲಿ ಅದು ಒಂದೆಂದು ಇಂದಿಗೂ ಮನ್ನಣೆ ಪಡೆದಿದೆ.

ನಾವೂ ಒಂದು ಲೆಕ್ಕ ಮಾಡೋಣ

ನಮ್ಮ ಊರುಗಳಲ್ಲಿ ಕಾಣಸಿಗುವಂತಹ ಒಂದು ಸಮುದಾಯ ಭವನವನ್ನು ಕಲ್ಪಿಸಿಕೊಳ್ಳೋಣ. ಉದ್ದ 20, ಅಗಲ 12, ಎತ್ತರ 6 ಮೀಟರ್. ಘನಗಾತ್ರ 1,440 ಘನ ಮೀಟರ್. ನೆಲ, ಮೇಲ್ಛಾವಣಿ, ಗೋಡೆಗಳ ಒಟ್ಟು ವಿಸ್ತೀರ್ಣ 864 ಚದರ ಮೀಟರ್. ಎಲ್ಲವೂ ಸಿಮೆಂಟಿನದೇ ಆಗಿ, ಕಿಟಕಿಗಳು ಮುಚ್ಚಿದ್ದರೆ ಹೀರಿಕೆ ಸುಮಾರು 26. ಸೂತ್ರದಂತೆ ಅನುರಣನ ಕಾಲ ಸುಮಾರು 9 ಸೆಕೆಂಡು! ಸಾಧಾರಣ ಮಾತಿನಲ್ಲಿ ಸೆಕೆಂಡಿಗೆ ನಾಲ್ಕೈದು ಅಕ್ಷರಗಳು ಹೊರಡುತ್ತವೆ. ಆದುದರಿಂದ ಖಾಲಿ ಭವನದಲ್ಲಿ ಹತ್ತಾರು ಅಕ್ಷರಗಳ ಬಾಲಗಳು ಒಂದರ ಮೇಲೊಂದು ಬಿದ್ದು ಗೋಜಲಾಗುತ್ತವೆ.

ಈಗ 100 ಮಂದಿ ಬಂದು ಕುಳಿತರೆಂದುಕೊಳ್ಳೋಣ. ಹೀರಿಕೆಗೆ 45 ಸೇರಿ ಅನುರಣನ ಕಾಲ ಸುಮಾರು 3.3 ಸೆಕೆಂಡಿಗೆ ಇಳಿಯುತ್ತದೆ. 300 ಮಂದಿ ಬಂದರೆ ಸುಮಾರು 1.4 ಸೆಕೆಂಡು. ಮಾತಿಗೂ ನಾಟಕಕ್ಕೂ ಸುಮಾರು 1 ಸೆಕೆಂಡು ಹಿತವೆಂದೂ, ದೊಡ್ಡ ಪಾಶ್ಚಾತ್ಯ ವಾದ್ಯಮೇಳಕ್ಕೆ 2 ಸೆಕೆಂಡಿನ ಸಮೀಪ ಹಿತವೆಂದೂ ತಜ್ಞರ ಅಭಿಪ್ರಾಯ. ಎಂದ ಮೇಲೆ ಮಾತಿಗೆ ಅಷ್ಟೇನೂ ಒಗ್ಗದ ಆ ಭವನವನ್ನು ಸಹನೀಯವಾಗಿ ಮಾಡಿದವರು ಯಾರು? ಬಂದು ಕುಳಿತ ಜನರೇ. ಕೇಳುಗರು ಸಂಗೀತವನ್ನು ಬರಿದೆ ಸ್ವೀಕರಿಸುವವರಲ್ಲ, ಅದರ ನಾದವನ್ನು ತಿದ್ದುವವರೂ ಹೌದು. ತುಂಬಿದ ಸಭೆಯಲ್ಲಿ ಹಾಡಲು ಹಿತವಾಗುವುದೆಂದು ಗಾಯಕರು ಹೇಳುವ ಮಾತಿಗೆ ಉತ್ಸಾಹವೊಂದೇ ಕಾರಣವಲ್ಲ. ಭೌತಶಾಸ್ತ್ರದ ಆಧಾರವೂ ಉಂಟು.

ಭರತನ ನಾಟ್ಯಮಂಟಪ

ಸೂತ್ರ ಹೊಸದು, ಆದರೆ ಅನುಭವ ಹಳೆಯದು. ಭರತನ ನಾಟ್ಯಶಾಸ್ತ್ರದ ಎರಡನೆಯ ಅಧ್ಯಾಯವು ನಾಟ್ಯಮಂಟಪದ ರಚನೆಯನ್ನು ವಿವರಿಸುತ್ತದೆ. ಮನುಷ್ಯರಿಗೆ ತಕ್ಕುದೆಂದು ಅದು ಹೇಳುವ ಮಂಟಪದ ಉದ್ದ 64 ಹಸ್ತ, ಅಗಲ 32 ಹಸ್ತ. ಹಸ್ತವನ್ನು ಸುಮಾರು 45 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಇದು 29 ಮೀಟರಿಗೆ 14 ಮೀಟರ್. ಇದರಲ್ಲಿ ಅರ್ಧ ರಂಗಸ್ಥಳ ಮತ್ತು ನೇಪಥ್ಯಕ್ಕೆ, ಅರ್ಧ ಪ್ರೇಕ್ಷಕರಿಗೆ. ಮಂಟಪ ಇದಕ್ಕಿಂತ ದೊಡ್ಡದಾದರೆ ಮಾತು ಸ್ಪಷ್ಟವಾಗಿ ಕೇಳದು, ಮುಖದ ಭಾವವೂ ಕಾಣದು ಎಂದು ಗ್ರಂಥವು ಎಚ್ಚರಿಸುತ್ತದೆ. ಮಂಟಪವು ಬೆಟ್ಟದ ಗುಹೆಯಂತಿರಬೇಕು, ಕಿಟಕಿಗಳು ಚಿಕ್ಕವಾಗಿರಬೇಕು, ಗಾಳಿಯ ಹೊಡೆತವಿರಬಾರದು, ಆಗ ಧ್ವನಿಗೆ ಗಾಂಭೀರ್ಯ ಬರುತ್ತದೆ ಎಂಬುದು ಅದರ ಅಭಿಪ್ರಾಯ. ನಟನ ಮುಖಭಾವ ತಿಳಿಯಬೇಕಾದರೆ ಪ್ರೇಕ್ಷಕನು ಸುಮಾರು 20 ಮೀಟರಿಗಿಂತ ದೂರ ಇರಬಾರದೆಂದು ಇಂದಿನ ರಂಗಶಿಲ್ಪಿಗಳು ಹೇಳುತ್ತಾರೆ. ಭರತನ ಮಂಟಪದ ಕಡೆಯ ಸಾಲು ಈ ಮಿತಿಯೊಳಗೇ ಇದೆ.

ಬೆಂಗಳೂರಿನ ರಂಗಮಂದಿರಗಳು

ಇಷ್ಟನ್ನು ತಿಳಿದುಕೊಂಡು ನಮ್ಮ ವಿದ್ಯಾರ್ಥಿಯ ಜತೆಯಲ್ಲಿ ಮತ್ತೊಮ್ಮೆ ಬೆಂಗಳೂರಿಗೆ ಹೋಗೋಣ. ರವೀಂದ್ರನಾಥ ಠಾಕೂರರ ಜನ್ಮಶತಾಬ್ದಿಯ ನೆನಪಿಗೆ ಕಟ್ಟಿದ ರವೀಂದ್ರ ಕಲಾಕ್ಷೇತ್ರ 1963ರಲ್ಲಿ ತೆರೆಯಿತು. ಇದು ನಾಟಕ, ನೃತ್ಯ, ಸಭೆ ಎಲ್ಲಕ್ಕೂ ಒದಗುವ ದೊಡ್ಡ ಮಂದಿರ. ಇಂತಹ ಬಹೂಪಯೋಗಿ ಮಂದಿರಗಳಲ್ಲಿ ಮಾತಿಗೆ ಬೇಕಾದ ಅನುರಣನವೂ ಸಂಗೀತಕ್ಕೆ ಬೇಕಾದ ಅನುರಣನವೂ ಬೇರೆಬೇರೆಯಾದ್ದರಿಂದ ಶಿಲ್ಪಿಯು ಯಾವಾಗಲೂ ನಡುವಣ ದಾರಿಯನ್ನು ಹಿಡಿಯಬೇಕಾಗುತ್ತದೆ.

ಪಿಟೀಲು ವಿದ್ವಾಂಸ ಮೈಸೂರು ಟಿ. ಚೌಡಯ್ಯನವರ ಸ್ಮಾರಕವಾಗಿ 1980ರಲ್ಲಿ ಸಿದ್ಧವಾದ ಚೌಡಯ್ಯ ಸ್ಮಾರಕ ಭವನದ ಆಕಾರವೇ ಪಿಟೀಲಿನದು. ಇದನ್ನು ಕಂಡ ವಿದ್ಯಾರ್ಥಿಗಳು, ಆಕಾರ ಪಿಟೀಲಿನದಾದ್ದರಿಂದ ಒಳಗೆ ನಾದವೂ ಪಿಟೀಲಿನಂತೆ ಮೊಳಗುವುದೇ ಎಂದು ಕೇಳುವುದುಂಟು. ಪಿಟೀಲಿನ ಒಡಲು ಅನುನಾದಿಸುವುದು ಅದರ ತೆಳುವಾದ ಮರದ ಹಲಗೆಗಳು ಕಂಪಿಸುವುದರಿಂದ. ಕಟ್ಟಡದ ದಪ್ಪ ಗೋಡೆಗಳು ಹಾಗೆ ಕಂಪಿಸುವುದಿಲ್ಲ. ಆಕಾರವು ವಿದ್ವಾಂಸರಿಗೆ ಸಲ್ಲಿಸಿದ ಗೌರವ. ನಾದವನ್ನು ನಿರ್ಧರಿಸುವವು ಒಳಗಿನ ಘನಗಾತ್ರ, ಮೇಲ್ಮೈಗಳ ಹೀರಿಕೆ ಮತ್ತು ಅವು ಶಬ್ದವನ್ನು ತಿರುಗಿಸುವ ದಿಕ್ಕು.

ನಟ ಶಂಕರ್ ನಾಗ್ ಅವರ ನೆನಪಿಗೆ 2004ರಲ್ಲಿ ಜಯಪ್ರಕಾಶ ನಗರದಲ್ಲಿ ಆರಂಭವಾದ ರಂಗಶಂಕರ ನಾಟಕಕ್ಕೆಂದೇ ಕಟ್ಟಿದ್ದು. ಆಸನಗಳು ಸುಮಾರು 300. ರಂಗವು ಪ್ರೇಕ್ಷಕರ ನಡುವೆ ಚಾಚಿಕೊಂಡಿರುವುದರಿಂದ ಕಡೆಯ ಸಾಲಿನವನೂ ನಟನಿಗೆ ಹತ್ತಿರದವನೇ. ತಡವಾಗಿ ಬಂದವರಿಗೆ ಅಲ್ಲಿ ಪ್ರವೇಶವಿಲ್ಲ. ಇದನ್ನು ಬಿಗುಮಾನವೆಂದು ಭಾವಿಸಬಾರದು. ಧ್ವನಿವರ್ಧಕವಿಲ್ಲದೆ ಆಡುವ ಪಿಸುಮಾತೊಂದನ್ನು ಕಾಪಾಡಬೇಕಾದರೆ ಬಾಗಿಲಿನ ಸಪ್ಪಳವನ್ನೂ ತಡೆಯಬೇಕಾಗುತ್ತದೆ.

ಇದಕ್ಕೆ ತೀರ ಭಿನ್ನವಾದ ಅನುಭವ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದ್ದು. ಶ್ರೀ ರಾಮಸೇವಾ ಮಂಡಳಿ 1939ರಿಂದ ನಡೆಸಿಕೊಂಡು ಬಂದ ರಾಮನವಮಿ ಸಂಗೀತೋತ್ಸವಕ್ಕೆ ಹೆಸರಾದ ಸ್ಥಳ ಅದು. ಚಪ್ಪರದ ಕೆಳಗೆ ಸಾವಿರಾರು ಮಂದಿ ಕೂಡುವ ಅಂತಹ ಕಡೆ ಧ್ವನಿವರ್ಧಕ ಅನಿವಾರ್ಯ.

ಧ್ವನಿವರ್ಧಕ ಮಾಡಬಲ್ಲುದು, ಮಾಡಲಾರದುದು

ಬಯಲಿನಲ್ಲಿ ಕೊರತೆಯಾಗುವುದು ಶಕ್ತಿ. ಅದನ್ನು ಧ್ವನಿವರ್ಧಕ ತುಂಬಿಕೊಡುತ್ತದೆ. ಆದರೆ ಅನುರಣನ ಹೆಚ್ಚಾದ ಭವನದಲ್ಲಿ ಕೊರತೆಯಿರುವುದು ಸ್ಪಷ್ಟತೆಯಲ್ಲಿ. ಅಲ್ಲಿ ಧ್ವನಿಯನ್ನು ಏರಿಸಿದರೆ ನೇರ ಶಬ್ದದೊಡನೆ ಅನುರಣನವೂ ಅಷ್ಟೇ ಪ್ರಮಾಣದಲ್ಲಿ ಏರುತ್ತದೆ. ಗದ್ದಲ ದೊಡ್ಡದಾಗುತ್ತದೆಯೇ ಹೊರತು ಮಾತು ತಿಳಿಯಾಗುವುದಿಲ್ಲ. ಅನೇಕ ಸಭೆಗಳಲ್ಲಿ "ಕೇಳಿಸುವುದಿಲ್ಲ" ಎಂದು ಹಿಂದಿನವರು ಕೂಗಿದಾಗ ಧ್ವನಿಯನ್ನು ಏರಿಸುವುದು ರೂಢಿಯಾಗಿದೆ. ಅವರ ದೂರು ಕೇಳಿಸುವುದಿಲ್ಲವೆಂದಲ್ಲ, ತಿಳಿಯುವುದಿಲ್ಲವೆಂದು. ಇದಕ್ಕೆ ಪರಿಹಾರ ಬೇರೆ: ದಪ್ಪನೆಯ ಪರದೆಗಳನ್ನು ಮಡಿಕೆಮಡಿಕೆಯಾಗಿ ತೂಗುಬಿಡುವುದು, ಕಿಟಕಿಗಳನ್ನು ತೆರೆಯುವುದು, ದೊಡ್ಡ ಪೆಟ್ಟಿಗೆಯೊಂದರ ಬದಲು ಚಿಕ್ಕ ಪೆಟ್ಟಿಗೆಗಳನ್ನು ಕೇಳುಗರ ಹತ್ತಿರವೇ ಅವರ ಕಡೆಗೆ ತಿರುಗಿಸಿ ಇಡುವುದು. ನಾವು ಲೆಕ್ಕ ಹಾಕಿದ ಭವನದಲ್ಲಿ 100 ಮಂದಿ ಇರುವಾಗ, ಸುಮಾರು 0.5 ಗುಣಾಂಕದ 60 ಚದರ ಮೀಟರ್ ಪರದೆಯನ್ನು ಕಟ್ಟಿದರೆ ಅನುರಣನ ಕಾಲ 3.3ರಿಂದ ಸುಮಾರು 2.3 ಸೆಕೆಂಡಿಗೆ ಇಳಿಯುತ್ತದೆ. ನಾಟಕದ ಕಂಪನಿಗಳು ಬಣ್ಣದ ಪರದೆಗಳಿಂದ ಕಣ್ಣಿಗೆ ಮಾಡಿದ ಉಪಕಾರವನ್ನು ಎಲ್ಲರೂ ಬಲ್ಲರು. ಕಿವಿಗೂ ಅವು ಉಪಕಾರ ಮಾಡುತ್ತಿದ್ದವೆಂಬುದನ್ನು ಬಲ್ಲವರು ಕೆಲವರು.

ಎಲ್ಲಿ ಕುಳಿತುಕೊಳ್ಳಬೇಕು?

ಸಾಧ್ಯವಾದರೆ ಸಭಾಂಗಣದ ನಡುವಣ ಸಾಲುಗಳಲ್ಲಿ ಕುಳಿತುಕೊಳ್ಳಿರಿ. ತೀರ ಮುಂದಿನ ಸಾಲಿನಲ್ಲಿ ಹತ್ತಿರದ ವಾದ್ಯವೇ ಪ್ರಬಲವಾಗಿ ಕೇಳಿ ಗಾಯನದ ಸಮತೋಲ ತಪ್ಪುತ್ತದೆ. ಉಪ್ಪರಿಗೆಯ ಕೆಳಗೆ, ಬಹಳ ಹಿಂದೆ ಕುಳಿತರೆ ಮೇಲ್ಛಾವಣಿಯಿಂದ ತಿರುಗಿ ಬರುವ ಉಪಯುಕ್ತ ಶಬ್ದವು ನಿಮ್ಮನ್ನು ಮುಟ್ಟದು. ಅದಕ್ಕಿಂತ ಉಪ್ಪರಿಗೆಯ ಮೇಲಿನ ಮುಂದಿನ ಸಾಲು ಎಷ್ಟೋ ಮೇಲು. ಬೆಲೆಯೂ ಕೆಲವು ಕಡೆ ಕಡಮೆ. ಧ್ವನಿವರ್ಧಕದ ಪೆಟ್ಟಿಗೆಗೆ ಎದುರಾಗಿ ಕುಳಿತರೆ ಗಾಯಕರು ಒಂದು ಕಡೆ, ಹಾಡು ಇನ್ನೊಂದು ಕಡೆ ಎನಿಸುತ್ತದೆ. ಒಂದು ಸ್ಥಳದಲ್ಲಿ ಮಾತು ಕಲಸಿದರೆ ವಿರಾಮದ ವೇಳೆಯಲ್ಲಿ ಇನ್ನೊಂದು ಖಾಲಿ ಸ್ಥಳಕ್ಕೆ ಹೋಗಿ ಪರೀಕ್ಷಿಸಿರಿ. ಇದರಲ್ಲಿ ಸಂಕೋಚಪಡಬೇಕಾದುದೇನೂ ಇಲ್ಲ.

ಎರಡು ಪ್ರಯೋಗಗಳು

1. ನಿಮ್ಮ ಶಾಲೆಯ ಸಭಾಂಗಣ ಖಾಲಿಯಿರುವಾಗ ಗಟ್ಟಿಯಾಗಿ ಒಂದೇ ಒಂದು ಚಪ್ಪಾಳೆ ತಟ್ಟಿ, ಸದ್ದು ಪೂರ್ತಿ ಅಡಗುವವರೆಗಿನ ಕಾಲವನ್ನು ಗುರುತಿಸಿರಿ. ಮೊಬೈಲಿನಲ್ಲಿ ಮುದ್ರಿಸಿಕೊಂಡರೆ ಇನ್ನೂ ಉತ್ತಮ. ಅನಂತರ ಒಂದು ತರಗತಿಯವರು, ಬಳಿಕ ಎರಡು ತರಗತಿಯವರು ಕುಳಿತಾಗ ಇದನ್ನೇ ಪುನಃ ಮಾಡಿ ಹೋಲಿಸಿರಿ. ಕಿವಿಯಿಂದ ಅಳೆದ ಕಾಲವು ಸೂತ್ರದ ಉತ್ತರಕ್ಕೆ ಸರಿಯಾಗಿ ಹೊಂದದಿರಬಹುದು; ಆದರೆ ಜನ ಹೆಚ್ಚಿದಂತೆ ಅದು ಇಳಿಯುವ ಕ್ರಮ ಸ್ಪಷ್ಟವಾಗಿ ಕಾಣುತ್ತದೆ.

2. ಒಬ್ಬನು ವೇದಿಕೆಯ ಮೇಲೆ ಕಾಲು, ಪಾಲು, ಸಾಲು, ಹಾಲು ಎಂಬಂತಹ ಮಾತುಗಳನ್ನು ಕ್ರಮತಪ್ಪಿಸಿ ಓದಲಿ. ಬೇರೆಬೇರೆ ಸ್ಥಳಗಳಲ್ಲಿ ಕುಳಿತವರು ಕೇಳಿದುದನ್ನು ಬರೆದುಕೊಳ್ಳಲಿ. ಎಲ್ಲಿ ತಪ್ಪುಗಳು ಹೆಚ್ಚೆಂಬುದನ್ನು ಸಭಾಂಗಣದ ನಕ್ಷೆಯಲ್ಲಿ ಗುರುತಿಸಿದರೆ ಕಿವುಡು ಮೂಲೆಗಳು ತಾವಾಗಿಯೇ ಗೋಚರಿಸುತ್ತವೆ.

ಇಂತಹ ನಕ್ಷೆಯೊಂದು ನಿಮ್ಮ ಕೈಯಲ್ಲಿದ್ದರೆ ಅದನ್ನು ಮುಖ್ಯೋಪಾಧ್ಯಾಯರಿಗೆ ತೋರಿಸಿರಿ. ಊರಿನಲ್ಲಿ ಹೊಸ ಭವನ ಕಟ್ಟುವ ಮಾತು ಬಂದಾಗ ಪಂಚಾಯಿತಿಯವರಿಗೂ ತೋರಿಸಿರಿ. ಕಂಬಕ್ಕೆ ಯಾವ ಬಣ್ಣ ಎಂದು ಚರ್ಚಿಸುವವರು ಮಾತು ಕೇಳಿಸುವುದೇ ಎಂಬುದನ್ನೂ ಚರ್ಚಿಸಲಿ. ಭೀಮಸೇನ ಜೋಶಿಯವರು 1922ರಲ್ಲಿ ಹುಟ್ಟಿದ್ದು ಇದೇ ಜಿಲ್ಲೆಯ ರೋಣದಲ್ಲಿ. ಬಸವರಾಜ ರಾಜಗುರುಗಳು ವಿದ್ಯೆ ಕಲಿತದ್ದು ಪಂಚಾಕ್ಷರಿ ಗವಾಯಿಗಳ ಬಳಿಯಲ್ಲಿ. ಹಾಡುವ ಕಂಠಗಳಿಗೆ ಈ ನೆಲದಲ್ಲಿ ಬಡತನ ಎಂದೂ ಇರಲಿಲ್ಲ. ಕೇಳುವ ಕಿವಿಗಳಿಗೂ ಇಲ್ಲ. ಮಾಗಡಿ ಕೆರೆಯ ಏರಿಯ ಮೇಲೆ ನಿಂತು ದೂರದ ಹಕ್ಕಿಯ ಕೂಗನ್ನು ಗುರುತಿಸಬಲ್ಲ ಕಿವಿಯು ಬೆಂಗಳೂರಿನ ಯಾವ ರಸಿಕನ ಕಿವಿಗೂ ಕಡಮೆಯದಲ್ಲ. ಮುಂದಿನ ಸಲ ಕಛೇರಿಗೆ ಹೋದಾಗ ಹಾಡು ಹಿಡಿಸದಿದ್ದರೆ, ನಿಮ್ಮನ್ನು ನೀವು ಹಳಿದುಕೊಳ್ಳುವ ಮೊದಲು ಒಮ್ಮೆ ತಲೆಯೆತ್ತಿ ಗೋಡೆಗಳನ್ನೂ ಮೇಲ್ಛಾವಣಿಯನ್ನೂ ನೋಡಿರಿ. ಅನಂತರ ಎದ್ದು ಆಸನವನ್ನು ಬದಲಾಯಿಸಿರಿ.